ಸ್ನೇರ್‌ಗೆ ಯಾವ ಹೂಪ್? ಡೈ-ಕಾಸ್ಟ್ ಹಾಕಿದರೆ ರಿಂಗಿಂಗ್ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿ ಕಡೆಯವನು. ಏಳು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತಿದ್ದೇನೆ. ನನ್ನದು 14 ಇಂಚು ಅಗಲ, 5.5 ಇಂಚು ಎತ್ತರದ ಸ್ಟೀಲ್ ಸ್ನೇರ್ (ಕೆಳಗೆ ತಂತಿಗಳಿರುವ ಡ್ರಮ್). ಎಂಟು ಲಗ್ (ಬಿಗಿಯುವ ಸ್ಕ್ರೂ, ಅಂದರೆ ರಾಡ್, ಕೂರುವ ಹಿಡಿ) ಇವೆ. ಕಿಟ್ ಜೊತೆ ಬಂದ ತೆಳು ಹೂಪ್‌ಗಳೇ (ಡ್ರಮ್‌ನ ಅಂಚಿನ ಲೋಹದ ಬಳೆಗಳು) ಈಗಲೂ ಇವೆ. ನನಗೆ ಮೂರು ತೊಂದರೆ. ಒಂದು, ಹೊಡೆದ ಮೇಲೆ ‘ಟೊಂಯ್’ ಅಂತ ಉದ್ದಕ್ಕೆ ರಿಂಗ್ ಆಗುತ್ತೆ. ಎರಡು, ಮೆಲೋಡಿ ಹಾಡಿಗೆ ಕ್ರಾಸ್ ಸ್ಟಿಕ್ (ಕೋಲನ್ನು ಡ್ರಮ್ ಮೇಲೆ ಅಡ್ಡ ಇಟ್ಟು ಹೂಪ್‌ಗೆ ತಟ್ಟುವುದು) ಹೊಡೆದರೆ ತೀರಾ ತೆಳುವಾಗಿ ಕೇಳುತ್ತೆ. ಮೂರು, ರಿಮ್‌ಶಾಟ್ (ಡ್ರಮ್‌ಗೂ ಹೂಪ್‌ಗೂ ಒಟ್ಟಿಗೆ ಬೀಳುವ ಪೆಟ್ಟು) ಜಾಸ್ತಿ ಇರುವ ನಾಲ್ಕೈದು ಹಾಡು ಮುಗಿಯುವಷ್ಟರಲ್ಲಿ ನನ್ನ ಕಡೆ ಇರುವ ಎರಡು ರಾಡ್ ಸಡಿಲ ಆಗಿರುತ್ತವೆ. ಒಬ್ಬ ಗೆಳೆಯ ‘ಡೈ-ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಹೂಪ್) ಹಾಕು, ಎಲ್ಲ ಸರಿ ಹೋಗುತ್ತೆ’ ಅನ್ನುತ್ತಾನೆ. ಚರ್ಚ್‌ನಲ್ಲಿ ನುಡಿಸುವ ಇನ್ನೊಬ್ಬರು ಮರದ ಹೂಪ್ ಹಾಕಿಸು ಅಂದರು. ಅಂಗಡಿಯವರು ‘ಹೂಪ್‌ನಿಂದ ಏನೂ ಬದಲಾಗಲ್ಲ, ಹೊಸ ಸ್ನೇರೇ ತಗೊಳ್ಳಿ’ ಅಂದರು. ಯಾರ ಮಾತು ನಂಬಲಿ? ಮೇಲೆ, ಕೆಳಗೆ ಎರಡೂ ಬದಲಾಯಿಸಬೇಕಾ?

ಉತ್ತರ: ನಿಮ್ಮ ಮೂರು ತೊಂದರೆಗಳಲ್ಲಿ ಎರಡು ನಿಜವಾಗಿಯೂ ಹೂಪ್‌ಗೆ ಸಂಬಂಧಪಟ್ಟವು. ಕ್ರಾಸ್ ಸ್ಟಿಕ್ ತೆಳುವಾಗಿರುವುದು, ರಾಡ್ ಸಡಿಲವಾಗುವುದು ಅವೆರಡು. ರಿಂಗಿಂಗ್ ವಿಷಯದಲ್ಲಿ ಹೂಪ್‌ನ ಪಾಲು ಸ್ವಲ್ಪ ಮಾತ್ರ. ಅದನ್ನು ನಿಲ್ಲಿಸಲು ದುಡ್ಡು ಕೊಟ್ಟು ಹೂಪ್ ತಂದರೆ ನಿಮಗೆ ಬೇಸರವಾಗುತ್ತದೆ. ಹಾಗಾಗಿ ಮೊದಲು ಕೊಳ್ಳುವ ಯೋಚನೆ ಎರಡು ವಾರ ಪಕ್ಕಕ್ಕಿಡಿ.

ನಾವು ಬಾಯ್ಮಾತಿನಲ್ಲಿ ರಿಮ್ ಅನ್ನುವುದು ಈ ಹೂಪ್‌ಗೇ. ಅದರ ಮುಖ್ಯ ಕೆಲಸ ಹೆಡ್ ಅನ್ನು, ಅಂದರೆ ನಾವು ಹೊಡೆಯುವ ಪೊರೆಯನ್ನು, ಹಿಡಿದು ಎಳೆಯುವುದು. ಹೆಡ್‌ನ ಸುತ್ತ ಒಂದು ಅಲ್ಯೂಮಿನಿಯಂ ಬಳೆ ಇರುತ್ತದಲ್ಲ, ಹೂಪ್ ಅದರ ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ. ಆಗ ಹೆಡ್ ಶೆಲ್‌ನ, ಅಂದರೆ ಡ್ರಮ್‌ನ ಮೈಯ, ಅಂಚಿನ ಮೇಲೆ ಬಿಗಿಯುತ್ತದೆ. ಮೃದಂಗದವರು ಮುಚ್ಚಿಗೆಯ ಸುತ್ತ ಹೆಣೆದ ಅಂಚಿಗೆ ಕಲ್ಲಿನಿಂದ ಒಂದೊಂದೇ ಕಡೆ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ, ಸುತ್ತಲೂ ಒಂದೇ ಶ್ರುತಿ ತರುವುದನ್ನು ನೀವು ನೋಡಿರುತ್ತೀರಿ. ನಾವು ರಾಡ್ ತಿರುಗಿಸುವ ಡ್ರಮ್ ಕೀ ಹಿಡಿದು ಮಾಡುವುದೂ ಅದನ್ನೇ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಎಳೆತ ಎಂಟೋ ಹತ್ತೋ ಕಡೆ ಮಾತ್ರ. ನಡುವಿನ ಜಾಗವನ್ನೆಲ್ಲ ಹೂಪ್ ತಾನೇ ಒತ್ತಿ ಹಿಡಿಯಬೇಕು.

ಇಲ್ಲೇ ತೆಳು ಹೂಪ್ ಸೋಲುವುದು. 14 ಇಂಚಿನ ಡ್ರಮ್‌ನ ಸುತ್ತಳತೆ ಸುಮಾರು 44 ಇಂಚು. ಎಂಟು ಲಗ್ ಇದ್ದರೆ ಒಂದು ರಾಡ್‌ನಿಂದ ಇನ್ನೊಂದಕ್ಕೆ 5.5 ಇಂಚು ದೂರ. ಹತ್ತು ಲಗ್ ಇದ್ದರೆ ಅದು 4.4 ಇಂಚಿಗೆ ಇಳಿಯುತ್ತದೆ. ಕಿಟ್ ಜೊತೆ ಬರುವ ಹೂಪ್ ಸಾಮಾನ್ಯವಾಗಿ 1.6 ಮಿಲಿಮೀಟರ್ ದಪ್ಪದ ಸ್ಟೀಲ್ ಪಟ್ಟಿ. ಅದನ್ನು ಮೂರು ಕಡೆ ಬಗ್ಗಿಸಿ, ಬಳೆಯ ಹಾಗೆ ಸುತ್ತಿ, ಬೆಸುಗೆ ಹಾಕಿರುತ್ತಾರೆ. ಇದಕ್ಕೇ ಟ್ರಿಪಲ್ ಫ್ಲ್ಯಾಂಜ್ ಅನ್ನುವುದು. ಇಂಥ ಹೂಪ್ ಅನ್ನು ಎಂಟೇ ರಾಡ್‌ಗಳಿಂದ ಜಾಸ್ತಿ ಬಿಗಿ ಮಾಡಿದರೆ ರಾಡ್ ಇರುವ ಕಡೆ ಕೆಳಗಿಳಿಯುತ್ತದೆ, ನಡುವೆ ತುಸು ಮೇಲೇ ಉಳಿಯುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಕಡಿಮೆ, ಆದರೆ ಹೆಡ್‌ಗೆ ಗೊತ್ತಾಗುತ್ತದೆ. ಒಂದು ಲಗ್ ಹತ್ತಿರದ ಶ್ರುತಿಯೇ ಬೇರೆ, ಪಕ್ಕದ್ದೇ ಬೇರೆ. ಅವು ಒಂದಕ್ಕೊಂದು ತಿಕ್ಕಾಡಿದಾಗ ಆ ‘ಟೊಂಯ್’ ಅಲೆ ಅಲೆಯಾಗಿ ಕೇಳುತ್ತದೆ.

ಈಗ ನಿಮ್ಮ ಎರಡು ರಾಡ್‌ಗಳ ವಿಷಯ. ರಿಮ್‌ಶಾಟ್ ಹೊಡೆದಾಗ ಹೂಪ್ ಆ ಜಾಗದಲ್ಲಿ ಒಂದು ಕ್ಷಣ ಕೆಳಕ್ಕೆ ಬಾಗುತ್ತದೆ. ಆ ಕ್ಷಣ ಹತ್ತಿರದ ರಾಡ್ ಮೇಲಿನ ಎಳೆತ ತಪ್ಪುತ್ತದೆ. ಎಳೆತವಿಲ್ಲದ ಸ್ಕ್ರೂ ಅದುರಿಗೆ ಕೂದಲೆಳೆಯಷ್ಟು ತಿರುಗುತ್ತದೆ. ಒಂದೇ ಹಾಡಿನಲ್ಲಿ ನೂರಾರು ಸಲ ಹೀಗಾದರೆ ಸಡಿಲವಾಗದೆ ಏನಾಗುತ್ತೆ? ನಿಮ್ಮ ಕೈಯ ತಪ್ಪು ಇದರಲ್ಲಿ ಏನೂ ಇಲ್ಲ. ಗಟ್ಟಿ ಹೂಪ್ ಆ ಪೆಟ್ಟನ್ನು ಒಂದೇ ಕಡೆ ತಗೊಳ್ಳದೆ ಸುತ್ತಲಿನ ರಾಡ್‌ಗಳಿಗೆ ಹಂಚುತ್ತದೆ. ಅದಕ್ಕೇ ಅದರಲ್ಲಿ ಟ್ಯೂನಿಂಗ್ ಹೆಚ್ಚು ಹೊತ್ತು ನಿಲ್ಲುತ್ತದೆ. ‘ಹೂಪ್‌ನಿಂದ ಏನೂ ಬದಲಾಗಲ್ಲ’ ಅನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು.

ಹಾಗಾದರೆ ಯಾವ ಗಟ್ಟಿ ಹೂಪ್?

ಮೊದಲನೆಯದು 2.3 ಮಿಲಿಮೀಟರ್ ಸ್ಟೀಲ್. ಆಕಾರ ನಿಮ್ಮಲ್ಲಿ ಈಗಿರುವುದರದ್ದೇ, ದಪ್ಪ ಮಾತ್ರ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ತೂಕವೂ ಅದೇ ಲೆಕ್ಕ. ತಾಮಾ ಕಂಪನಿಯವರು ಮೈಟಿ ಹೂಪ್ ಅನ್ನುವ ಹೆಸರಲ್ಲಿ ಕೊಡುವುದು ಇದನ್ನೇ. ಬೇರೆ ಕಂಪನಿಗಳಲ್ಲೂ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಇದನ್ನು ಹಾಕಿದರೆ ಸ್ನೇರ್‌ನ ಗುಣವೇನೂ ಬದಲಾಗುವುದಿಲ್ಲ. ಅದೇ ದನಿ ಸ್ವಲ್ಪ ಅಂಚು ಕಟ್ಟಿದಂತೆ ಬರುತ್ತದೆ. ರಿಮ್‌ಶಾಟ್‌ಗೆ ಬಲ ಬರುತ್ತದೆ. ಕ್ರಾಸ್ ಸ್ಟಿಕ್‌ನ ‘ಟಿಕ್’ ‘ಟಕ್’ ಆಗುತ್ತದೆ. ಮೇಲಿನ ತುದಿ ದಪ್ಪವಿರುವುದರಿಂದ ಕೋಲು ತಿನ್ನುವುದೂ ಸ್ವಲ್ಪ ಕಡಿಮೆ. 3 ಮಿಲಿಮೀಟರ್ ಹೂಪ್‌ಗಳೂ ಇವೆ. ಅವು ಡೈ-ಕಾಸ್ಟ್‌ನ ಬಿಗಿಗೆ ಹತ್ತಿರ ಹೋಗುತ್ತವೆ.

ಡೈ-ಕಾಸ್ಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದರ ಬಗ್ಗೆ ಆಸೆಯೂ ಜಾಸ್ತಿ, ತಪ್ಪು ತಿಳಿವಳಿಕೆಯೂ ಜಾಸ್ತಿ. ಇದು ಪಟ್ಟಿ ಬಗ್ಗಿಸಿ ಮಾಡಿದ್ದಲ್ಲ. ಕರಗಿಸಿದ ಲೋಹವನ್ನು, ಸಾಮಾನ್ಯವಾಗಿ ಸತು ಬೆರೆತ ಮಿಶ್ರಲೋಹವನ್ನು, ಅಚ್ಚಿನೊಳಗೆ ಒತ್ತಡದಲ್ಲಿ ತುಂಬಿ ತೆಗೆದದ್ದು. ಹಾಗಾಗಿ ದಪ್ಪ, ಭಾರ, ಬಾಗದು. ಅಮೆರಿಕದ ಗ್ರೆಚ್ ಡ್ರಮ್‌ಗಳಲ್ಲಿ 1950ರ ದಶಕದಿಂದ ಈ ಹೂಪ್ ಬಂದಿದೆ. ಜಾಝ್ ನುಡಿಸುವವರು ಇಷ್ಟಪಡುವ ಆ ಗ್ರೆಚ್ ದನಿ, ಹರಡದೆ ಒಂದೆಡೆ ಕೂಡಿಕೊಂಡು ಬರುವ ದನಿ, ಅದರಲ್ಲಿ ಈ ಹೂಪ್‌ಗೂ ಪಾಲಿದೆ. ಅಷ್ಟು ಭಾರ ಡ್ರಮ್‌ನ ಅಂಚಿನ ಮೇಲೆ ಕೂತಾಗ ಮೇಲು ಸ್ವರಗಳು ಬೇಗ ಅಡಗುತ್ತವೆ. ನಡುವಿನ ಮೂಲ ಸ್ವರ ಎದ್ದು ಕೇಳುತ್ತದೆ. ರಿಮ್‌ಶಾಟ್ ‘ಫಟ್’ ಅಂತ ಒಣದಾಗಿ ಬೀಳುತ್ತದೆ. ಕ್ರಾಸ್ ಸ್ಟಿಕ್ ತುಂಬಿಕೊಂಡು ಬರುತ್ತದೆ, ಯಾಕೆಂದರೆ ಕೋಲು ಕೂರುವ ಮೇಲ್ಮೈ ಅಗಲ.

ಆದರೆ ನಿಮ್ಮ ಗೆಳೆಯ ಹೇಳಿದ ‘ಎಲ್ಲ ಸರಿ ಹೋಗುತ್ತೆ’ ನಿಜವಲ್ಲ. ಮೇಲು ಸ್ವರಗಳು ಬೇಗ ಅಡಗುವುದು ಬೇರೆ, ರಿಂಗಿಂಗ್ ನಿಲ್ಲುವುದು ಬೇರೆ. ನಿಮ್ಮದು ಸ್ಟೀಲ್ ಶೆಲ್. ಅದರ ಹುಟ್ಟುಗುಣವೇ ಗಣಗಣ ಅನ್ನುವುದು. ಹೆಡ್ ಹಳೆಯದಾಗಿ, ಟ್ಯೂನಿಂಗ್ ಏರುಪೇರಾಗಿದ್ದರೆ ಡೈ-ಕಾಸ್ಟ್ ಹಾಕಿದ ಮೇಲೂ ಅದು ರಿಂಗ್ ಆಗುತ್ತದೆ, ಸ್ವಲ್ಪ ಗಿಡ್ಡವಾಗಿ ಅಷ್ಟೇ. ಭಾರ ಜಾಸ್ತಿಯಾದರೆ ಸದ್ದೂ ಜಾಸ್ತಿ ಅನ್ನುವುದೂ ಸರಿಯಲ್ಲ. ದನಿ ಒಂದೆಡೆ ಕೂಡುವುದರಿಂದ ಬ್ಯಾಂಡ್ ನಡುವೆ ಸ್ಪಷ್ಟವಾಗಿ ಕೇಳಬಹುದು. ಆದರೆ ಮೆಲ್ಲನೆ ನುಡಿಸುವಾಗ, ಘೋಸ್ಟ್ ನೋಟ್ (ಕೇಳಿಯೂ ಕೇಳದಷ್ಟು ಮೆಲುವಾದ ಪೆಟ್ಟು) ಹಾಕುವಾಗ, ಡ್ರಮ್ ಉಸಿರು ಬಿಗಿಹಿಡಿದ ಹಾಗೆ ಅನ್ನಿಸುವುದೂ ಉಂಟು.

‘ಡೈ-ಕಾಸ್ಟ್‌ನಲ್ಲಿ ಟ್ಯೂನಿಂಗ್ ಸುಲಭ’ ಅನ್ನುವುದು ಅರ್ಧ ಸತ್ಯ. ಶೆಲ್‌ನ ಅಂಚು ಮಟ್ಟವಾಗಿದ್ದು, ಹೆಡ್ ಚೆನ್ನಾಗಿದ್ದರೆ ಸುಲಭವೇ. ಹೂಪ್ ಬಾಗದ್ದರಿಂದ ಸುತ್ತಲೂ ಒಂದೇ ಸಮ ಒತ್ತುತ್ತದೆ. ಅಂಚಿನಲ್ಲಿ ಎಲ್ಲೋ ತಗ್ಗಿದ್ದರೆ ಮಾತ್ರ ಕಷ್ಟ. ತೆಳು ಹೂಪ್ ಆ ತಗ್ಗಿಗೆ ಹೊಂದಿಕೊಳ್ಳುತ್ತದೆ, ಅಲ್ಲಿನ ರಾಡ್ ಸ್ವಲ್ಪ ತಿರುಗಿಸಿದರೆ ಶ್ರುತಿ ಕೂಡುತ್ತದೆ. ಡೈ-ಕಾಸ್ಟ್ ಹೊಂದಿಕೊಳ್ಳುವುದಿಲ್ಲ. ಒಂದು ರಾಡ್ ತಿರುಗಿಸಿದರೆ ಪಕ್ಕದ್ದೂ ಬದಲಾಗುತ್ತದೆ, ಎದುರಿನದ್ದೂ ಬದಲಾಗುತ್ತದೆ. ಹಾಗಾಗಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುವ ಅಭ್ಯಾಸ ಬಿಟ್ಟು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಬೇಕು. ಬಾಗದ ವಸ್ತುವಿಗೆ ಒಡೆಯುವ ಭಯವೂ ಇದೆ. ಒಂದೇ ಕಡೆ ಪೂರ್ತಿ ಬಿಗಿದರೆ, ಅಥವಾ ವ್ಯಾನ್‌ನಿಂದ ಇಳಿಸುವಾಗ ಸಿಮೆಂಟ್ ನೆಲಕ್ಕೆ ಬಿದ್ದರೆ, ಡೈ-ಕಾಸ್ಟ್ ಸೀಳಬಹುದು. ಆಮೇಲೆ ಅದನ್ನು ರಿಪೇರಿ ಮಾಡಲಾಗದು.

ಇನ್ನೊಂದು ಅಪಾಯ ನನಗೇ ಆದದ್ದು. ಸ್ಟುಡಿಯೋಗಳಲ್ಲಿ ಡ್ರಮ್ ಟ್ಯೂನ್ ಮಾಡುವ ಕೆಲಸ ಶುರುಮಾಡಿದ ಹೊಸತರಲ್ಲಿ ಒಂದು ಹಳೆಯ ಮರದ ಸ್ನೇರ್‌ಗೆ ಡೈ-ಕಾಸ್ಟ್ ಹೂಪ್ ಹಾಕಿದೆ. ಅಳತೆ 14 ಇಂಚು ಅಂತಲೇ ಇತ್ತು. ಆದರೆ ಹಳೆಯ ಶೆಲ್‌ಗಳು ಕೆಲವು ಸಲ ಕೂದಲೆಳೆಯಷ್ಟು ದೊಡ್ಡದಿರುತ್ತವೆ. ಡೈ-ಕಾಸ್ಟ್‌ನ ಒಳ ಅಳತೆಯಲ್ಲಿ ಸಡಿಲಿಕೆಯೇ ಇರುವುದಿಲ್ಲ. ಹೂಪ್ ಒಂದು ಕಡೆ ಶೆಲ್‌ಗೆ ತಾಗಿ ಕಚ್ಚಿಕೊಂಡಿತು. ನಾನು ಅದನ್ನು ಗಮನಿಸದೆ ಬಿಗಿಯುತ್ತಾ ಹೋದೆ. ಎಷ್ಟು ಬಿಗಿದರೂ ಆ ಕಡೆಯ ಶ್ರುತಿ ಏರಲಿಲ್ಲ. ಬಿಚ್ಚಿ ನೋಡಿದಾಗ ಶೆಲ್‌ನ ಮೇಲಿನ ಹೊದಿಕೆ ಗೀರಿಹೋಗಿತ್ತು. ಅದು ಬೇರೆಯವರ ಡ್ರಮ್. ಅವತ್ತಿನಿಂದ ಹೆಡ್ ಹಾಕದೆ ಬರೀ ಹೂಪ್ ಶೆಲ್ ಮೇಲೆ ಇಟ್ಟು, ಸುತ್ತ ಒಂದು ಪೋಸ್ಟ್‌ಕಾರ್ಡ್ ಆಡಿಸಿ ನೋಡದೆ ನಾನು ಡೈ-ಕಾಸ್ಟ್ ಮುಟ್ಟುವುದಿಲ್ಲ.

ಮರದ ಹೂಪ್ ಹೇಳಿದವರೂ ಸುಮ್ನೆ ಹೇಳಿಲ್ಲ. ಕ್ರಾಸ್ ಸ್ಟಿಕ್‌ಗೆ ಅದಕ್ಕಿಂತ ಚೆನ್ನಾಗಿರುವುದನ್ನು ನಾನು ಕೇಳಿಲ್ಲ. ಮರಕ್ಕೆ ಮರ ತಾಗಿದಾಗ ‘ಟೊಕ್’ ಅನ್ನುವ ತುಂಬುದನಿ ಬರುತ್ತದೆ. ಯಮಹಾ ಕಂಪನಿ ಸ್ಟೀವ್ ಗ್ಯಾಡ್ ಹೆಸರಲ್ಲಿ ತಂದ ಸ್ನೇರ್ ಸ್ಟೀಲ್ ಶೆಲ್‌ನದ್ದೇ, ಹೂಪ್ ಮಾತ್ರ ಮರದ್ದು. ಅಂದರೆ ನಿಮ್ಮಂಥ ಸ್ಟೀಲ್ ಸ್ನೇರ್‌ಗೆ ಮರದ ಹೂಪ್ ಹೊಂದುವುದಿಲ್ಲ ಅಂತೇನಿಲ್ಲ. ಸ್ಟೀಲ್‌ನ ಚುರುಕು ಉಳಿಯುತ್ತದೆ, ಮೊನಚು ತಗ್ಗುತ್ತದೆ. ಆದರೂ ನಿಮಗೆ ನಾನು ಅದನ್ನು ಹೇಳುವುದಿಲ್ಲ. ನೀವು ರಿಮ್‌ಶಾಟ್ ಜಾಸ್ತಿ ಹೊಡೆಯುವವರು. ಒಂದೆರಡು ಸೀಸನ್‌ನಲ್ಲಿ ಹೂಪ್‌ನ ಆ ಜಾಗ ಕಚ್ಚುಕಚ್ಚಾಗುತ್ತದೆ. ಮರದ ಹೂಪ್ ದಪ್ಪವಿರುವುದರಿಂದ ಸಾಮಾನ್ಯವಾಗಿ ಉದ್ದದ ರಾಡ್ ಬೇಕಾಗುತ್ತದೆ. ಕೋಲಿನ ಕೋನವೂ ಬದಲಾಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆ ಕಾರ್ಯಕ್ರಮಕ್ಕೆ ಹೋದರೆ ತೇವ ಕುಡಿದು ಮರ ಉಬ್ಬುತ್ತದೆ, ಒಣಹವೆಗೆ ಬಂದಾಗ ಕುಗ್ಗುತ್ತದೆ. ಒಂದೇ ಜಾಗದಲ್ಲಿ ಇಟ್ಟು ನುಡಿಸುವ ಚರ್ಚ್‌ನ ಡ್ರಮ್‌ಗೆ ಅದು ಸರಿ. ವ್ಯಾನ್‌ನಲ್ಲಿ ಊರೂರು ತಿರುಗುವ ಡ್ರಮ್‌ಗೆ ಕಷ್ಟ.

ಹಿತ್ತಾಳೆಯ ಹೂಪ್‌ಗಳೂ ಇವೆ. 1960ರ ದಶಕದ ಲುಡ್ವಿಗ್ ಸ್ನೇರ್‌ಗಳಲ್ಲಿ ಕ್ರೋಮ್ ಲೇಪದ ಹಿತ್ತಾಳೆ ಹೂಪ್ ಕಾಣಬಹುದು. ದನಿ ಸ್ಟೀಲ್‌ಗಿಂತ ಮೆದು. ಅಲ್ಯೂಮಿನಿಯಂ ಹಗುರ, ದನಿ ತೆರೆದುಕೊಂಡಿರುತ್ತದೆ. ಮೇಲಿನ ತುದಿ ಒಳಕ್ಕೆ ಬಾಗಿದ ಹೂಪ್ ಒಂದಿದೆ. ಹಿಂದೆ ಸ್ಲಿಂಗರ್‌ಲ್ಯಾಂಡ್‌ನವರು ಅದನ್ನು ಸ್ಟಿಕ್ ಸೇವರ್ ಅಂತ ಕರೆಯುತ್ತಿದ್ದರು. ಕೋಲಿಗೆ ಮೊನಚು ಅಂಚು ತಾಗದೆ ಗುಂಡು ಬೆನ್ನು ತಾಗುತ್ತದೆ, ಹಾಗಾಗಿ ಕೋಲು ಬಾಳಿಕೆ ಬರುತ್ತದೆ. ಇವು ಯಾವುವೂ ನಿಮ್ಮ ಸದ್ಯದ ತೊಂದರೆಗೆ ಬೇಕಿಲ್ಲ.

ಕೈಗೆ ಅನ್ನಿಸುವ ವಿಷಯ ನೀವು ಕೇಳಿಲ್ಲ. ಆದರೆ ಹೂಪ್ ಬದಲಾಯಿಸಿದ ಎಲ್ಲರೂ ಮೊದಲು ಹೇಳುವುದು ಅದನ್ನೇ. ಕೇಳುವವರಿಗೆ ಹತ್ತರಲ್ಲಿ ಎರಡರಷ್ಟು ವ್ಯತ್ಯಾಸ ಗೊತ್ತಾದರೆ ನುಡಿಸುವವರಿಗೆ ಆರರಷ್ಟು ಗೊತ್ತಾಗುತ್ತದೆ. ಗಟ್ಟಿ ಹೂಪ್ ಇದ್ದರೆ ರಿಮ್‌ಶಾಟ್ ಹೊಡೆದಾಗ ಕೋಲು ಕಲ್ಲಿಗೆ ತಾಗಿದಂತೆ ಥಟ್ಟನೆ ವಾಪಸ್ ಬರುತ್ತದೆ. ಕೆಲವರಿಗೆ ಅದು ಭರವಸೆ ಕೊಡುತ್ತದೆ. ಮೂರು ಗಂಟೆ ಕಾರ್ಯಕ್ರಮದಲ್ಲಿ ಕೆಲವರ ಮಣಿಕಟ್ಟು ನೋಯುತ್ತದೆ. ತೆಳು ಹೂಪ್ ಸ್ವಲ್ಪ ಪೆಟ್ಟು ನುಂಗುತ್ತದೆ. ಹೂಪ್ ಹೆಡ್‌ನಿಂದ ಎಷ್ಟು ಮೇಲೆ ನಿಂತಿದೆ ಅನ್ನುವುದೂ ಮುಖ್ಯ. ಎತ್ತರವಿದ್ದರೆ ಕೋಲಿನ ಹಿಂಭಾಗವನ್ನು ಮೇಲೆತ್ತಬೇಕು, ಇಲ್ಲವಾದರೆ ಬೇಡವಾದಾಗಲೂ ರಿಮ್ ತಾಗುತ್ತದೆ. ಈ ಎತ್ತರ ಹೂಪ್‌ನಿಂದ ಮಾತ್ರವಲ್ಲ, ಹೆಡ್‌ನ ಕುತ್ತಿಗೆ ಎಷ್ಟು ಆಳವಿದೆ ಅನ್ನುವುದರಿಂದಲೂ ಬದಲಾಗುತ್ತದೆ. ಹೊಸ ಹೆಡ್ ಹಾಕಿದ ದಿನ ‘ಕೈ ಕೂರುತ್ತಿಲ್ಲ’ ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಇನ್ನು ಕೆಳಗಿನ ಹೂಪ್. ಅದನ್ನು ಮುಟ್ಟಬೇಡಿ. ಸ್ನೇರ್ ಮಗುಚಿ ನೋಡಿದರೆ ಶೆಲ್‌ನ ಕೆಳಗಿನ ಅಂಚು, ತಂತಿಗಳು ಹಾಯುವ ಎರಡು ಕಡೆ, ತುಸು ತಗ್ಗಾಗಿರುತ್ತದೆ. ಇದನ್ನು ಸ್ನೇರ್ ಬೆಡ್ ಅನ್ನುತ್ತಾರೆ. ತಂತಿಗಳು ಹೆಡ್‌ಗೆ ಚಪ್ಪಟೆಯಾಗಿ ಅಂಟಿಕೊಳ್ಳಲಿ ಅಂತ ಈ ತಗ್ಗು. ಕೆಳಗಿನ ಹೆಡ್ ತುಂಬಾ ತೆಳು. ಅದೂ ಆ ತಗ್ಗಿನೊಳಕ್ಕೆ ಇಳಿದು ಕೂರಬೇಕು. ಬಾಗುವ ಸ್ಟೀಲ್ ಹೂಪ್ ಅದನ್ನು ಅಲ್ಲಿಗೆ ಒತ್ತುತ್ತದೆ. ಬಾಗದ ಡೈ-ಕಾಸ್ಟ್ ತಗ್ಗಿನ ಮೇಲೆ ಸೇತುವೆಯ ಹಾಗೆ ನಿಂತುಬಿಡುತ್ತದೆ. ಆಗ ಹೆಡ್ ಅಲ್ಲಿ ಸುಕ್ಕಾಗಿ ತಂತಿಗಳು ಜರ್ ಅನ್ನುತ್ತವೆ, ಮೆಲ್ಲನೆಯ ಪೆಟ್ಟಿಗೆ ಸ್ಪಂದಿಸುವುದಿಲ್ಲ. ಅದಕ್ಕೇ ಅನುಭವವಿರುವ ಎಷ್ಟೋ ಜನ ಮೇಲೆ ಡೈ-ಕಾಸ್ಟ್, ಕೆಳಗೆ ಸ್ಟೀಲ್ ಇಟ್ಟುಕೊಳ್ಳುತ್ತಾರೆ. ಮುಂದೆಂದಾದರೂ ಕೆಳಗಿನದ್ದು ಬದಲಾಯಿಸಲೇಬೇಕಾದರೆ ತಂತಿಯ ಪಟ್ಟಿ ಹೊರಬರಲು ಎರಡು ಕಡೆ ಸಂದು ಇರುವ ಹೂಪ್ ಕೇಳಿ ತಗೊಳ್ಳಿ. ಮೇಲಿನ ಹೂಪ್‌ಗೆ ಆ ಸಂದು ಇರುವುದಿಲ್ಲ.

ಈಗ ಕೊಳ್ಳುವ ಮುಂಚೆ ಮಾಡಬೇಕಾದ್ದು. ಮೇಲಿನ ಹೂಪ್ ಬಿಚ್ಚಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬೋರಲಾಗಿಡಿ. ಒಂದು ಕಡೆ ಬೆರಳಿನಿಂದ ಒತ್ತಿ. ಕುಂಟು ಕುರ್ಚಿಯ ಹಾಗೆ ಆಡಿದರೆ ಹೂಪ್ ಸೊಟ್ಟಗಾಗಿದೆ. ಏಳು ವರ್ಷ ರಿಮ್‌ಶಾಟ್ ತಿಂದ 1.6 ಮಿಲಿಮೀಟರ್ ಹೂಪ್ ಸೊಟ್ಟಗಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಸೊಟ್ಟ ಹೂಪ್ ಇಟ್ಟುಕೊಂಡು ಯಾವ ಟ್ಯೂನಿಂಗೂ ನಿಲ್ಲದು. ಹಾಗಿದ್ದರೆ ಹೊಸದು ತರಲೇಬೇಕು, ಬೇರೆ ಯೋಚನೆ ಬೇಡ. ಹೂಪ್ ಬಿಚ್ಚಿದಾಗಲೇ ಶೆಲ್ ಅನ್ನೂ ಅದೇ ಕಟ್ಟೆಯ ಮೇಲೆ, ಮೇಲಿನ ಅಂಚು ಕೆಳಗೆ ಮಾಡಿ ಇಟ್ಟು, ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ನೋಡಿ. ಅಂಚಿನ ಕೆಳಗಿಂದ ಎಲ್ಲಾದರೂ ಬೆಳಕು ಸೋರಿದರೆ ಆ ಜಾಗ ತಗ್ಗಿದೆ ಅಂತ ಅರ್ಥ. ಆ ಡ್ರಮ್‌ಗೆ ಡೈ-ಕಾಸ್ಟ್ ಬೇಡ.

ರಿಂಗಿಂಗ್‌ಗೆ ಮೊದಲು ಹೊಸ ಹೆಡ್ ಹಾಕಿ ಸುತ್ತಲೂ ಸಮವಾಗಿ ಟ್ಯೂನ್ ಮಾಡಿ. ತೆಗೆದ ಹಳೆಯ ಹೆಡ್ ಬಿಸಾಡಬೇಡಿ. ಅದರ ಚಪ್ಪಟೆ ಭಾಗದಿಂದ ಒಂದು ಇಂಚು ಅಗಲದ ಉಂಗುರ ಕತ್ತರಿಸಿ. ಹೊಸ ಹೆಡ್ ಮೇಲೆ ಹೂಪ್‌ಗೆ ತಾಗಿದಂತೆ ಸುಮ್ಮನೆ ಇಟ್ಟು ಹೊಡೆಯಿರಿ. ಮೇಲು ಸ್ವರಗಳು ಅಂಚಿನ ಹತ್ತಿರ ಜೋರಾಗಿರುವುದರಿಂದ ಈ ಉಂಗುರ ಅವನ್ನು ಅಲ್ಲೇ ತಡೆಯುತ್ತದೆ. ನಿಮ್ಮ ಮೊದಲ ತೊಂದರೆ ಇಷ್ಟಕ್ಕೇ ಮುಗಿದರೆ ಹೆಡ್‌ನದ್ದು ಬಿಟ್ಟು ಬೇರೆ ಒಂದು ರೂಪಾಯಿ ಖರ್ಚಿಲ್ಲ. ಇನ್ನೊಂದು ಮಾತು. ಕೂತ ಜಾಗದಲ್ಲಿ ನಿಮಗೆ ಕೇಳುವ ರಿಂಗಿಂಗ್‌ನಲ್ಲಿ ಬಹುಪಾಲು ಗಿಟಾರ್, ಕೀಬೋರ್ಡ್ ಶುರುವಾದ ಮೇಲೆ ಹಾಲ್‌ನ ಹಿಂದಿನ ಸಾಲಿಗೆ ಕೇಳುವುದೇ ಇಲ್ಲ. ಅಲ್ಲಿ ಒಬ್ಬರನ್ನು ಮೊಬೈಲ್ ಹಿಡಿದು ನಿಲ್ಲಿಸಿ ರೆಕಾರ್ಡ್ ಮಾಡಿಸಿ ಕೇಳಿ.

ಕ್ರಾಸ್ ಸ್ಟಿಕ್‌ಗೂ ಒಂದು ಪ್ರಯೋಗ ಮಾಡಿ. ಕೋಲು ತಿರುಗಿಸಿ ಹಿಂಭಾಗ, ಅಂದರೆ ದಪ್ಪ ತುದಿ, ಹೂಪ್ ಮೇಲೆ ಬೀಳುವಂತೆ ಹಿಡಿಯಿರಿ. ಅಂಗೈಯನ್ನು ಹೆಡ್ ಮೇಲೆ ಊರಿ ಕೋಲನ್ನು ಅರ್ಧ ಇಂಚಿನಷ್ಟು ಹಿಂದೆ ಮುಂದೆ ಜರುಗಿಸುತ್ತಾ ಹೊಡೆಯಿರಿ. ಪ್ರತಿ ಕೋಲಿಗೂ ತುಂಬಿಕೊಂಡು ಕೇಳುವ ಒಂದು ಜಾಗ ಇರುತ್ತದೆ. ಅದು ಸಿಕ್ಕಿದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ತೆಳು ಹೂಪ್‌ನಲ್ಲೂ ಇದರಿಂದ ಸಿಗುವ ಲಾಭ ದೊಡ್ಡದು. ಎರಡು ಲಗ್‌ಗಳ ನಡುವೆ ಹೊಡೆದರೆ ಒಂದು ದನಿ, ಲಗ್‌ನ ಮೇಲೆಯೇ ಹೊಡೆದರೆ ಇನ್ನೊಂದು. ಸ್ನೇರ್ ಸ್ವಲ್ಪ ತಿರುಗಿಸಿ ಎರಡನ್ನೂ ಕೇಳಿ.

ಇಷ್ಟಾದ ಮೇಲೂ ರಾಡ್ ಸಡಿಲವಾಗುತ್ತಿದ್ದರೆ, ಆಗುತ್ತದೆ ಅಂತಲೇ ನನ್ನ ಅಂದಾಜು, ಮೇಲಕ್ಕೆ ಒಂದೇ ಒಂದು 2.3 ಮಿಲಿಮೀಟರ್ ಸ್ಟೀಲ್ ಹೂಪ್ ತನ್ನಿ. ಎಂಟು ರಂಧ್ರದ್ದೇ ಆಗಬೇಕು. ಹತ್ತು ರಂಧ್ರದ್ದು ನಿಮ್ಮ ಡ್ರಮ್‌ಗೆ ಕೂರುವುದಿಲ್ಲ. ಅವಸರದಲ್ಲಿ ತಂದು ವಾಪಸ್ ಕೊಡಲು ಓಡಾಡಿದವರು ತುಂಬಾ ಜನ. ಅಂಗಡಿಗೆ ಹೋಗುವಾಗ ಹಳೆಯ ಹೂಪ್ ಮತ್ತು ಒಂದು ರಾಡ್ ಜೊತೆಗಿರಲಿ. ರಾಡ್ ತೂರುವ ಹೂಪ್ ಕಿವಿಯ ದಪ್ಪ ಹೆಚ್ಚಿದ್ದರೆ ರಾಡ್ ಲಗ್‌ನೊಳಗೆ ಸಾಕಷ್ಟು ಇಳಿಯುತ್ತದಾ ಅಂತ ಅಲ್ಲೇ ನೋಡಬಹುದು. ಸಡಿಲವಾಗುವ ಆ ಎರಡು ರಾಡ್‌ಗಳಿಗೆ ತಾನಾಗಿ ತಿರುಗದಂತೆ ಹಿಡಿಯುವ ಪ್ಲಾಸ್ಟಿಕ್ ಲಗ್ ಲಾಕ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಡೈ-ಕಾಸ್ಟ್ ಆಸೆ ಹೋಗಲಿಲ್ಲವಾದರೆ ಕೊಳ್ಳುವ ಮೊದಲು ಯಾರದ್ದಾದರೂ ಡೈ-ಕಾಸ್ಟ್ ಇರುವ ಸ್ನೇರ್ ಒಂದು ಪೂರ್ತಿ ಕಾರ್ಯಕ್ರಮಕ್ಕೆ ಕೇಳಿ ತಂದು ನುಡಿಸಿ. ಅಂಗಡಿಯಲ್ಲಿ ಐದು ನಿಮಿಷ ಹೊಡೆದರೆ ಎಲ್ಲ ಹೂಪೂ ಚೆನ್ನಾಗಿಯೇ ಕೇಳುತ್ತದೆ. ಮೂರನೇ ಗಂಟೆಯಲ್ಲಿ ನಿಮ್ಮ ಮಣಿಕಟ್ಟು ಏನು ಹೇಳುತ್ತದೆ, ಮೆಲೋಡಿ ಹಾಡಿನಲ್ಲಿ ಘೋಸ್ಟ್ ನೋಟ್ ಮೈಕ್‌ಗೆ ಬರುತ್ತಾ, ಇವೆರಡನ್ನು ಗಮನಿಸಿ. ಹೊಸ ಹೂಪ್ ಯಾವುದೇ ಹಾಕಿದರೂ ಹಳೆಯದನ್ನು ಮಾರಬೇಡಿ. ಎರಡು ತಿಂಗಳು ನುಡಿಸಿ, ಅದೇ ಹೆಡ್, ಅದೇ ಶ್ರುತಿಯಲ್ಲಿ ಒಮ್ಮೆ ಹಳೆಯದನ್ನು ವಾಪಸ್ ಹಾಕಿ ಕೇಳಿ. ಗ್ರಾನೈಟ್ ಕಟ್ಟೆಯ ಮೇಲೆ ಹೂಪ್ ಆಡಿತೋ ಇಲ್ಲವೋ ನನಗೆ ಬರೆಯಿರಿ.